ಬಿನಾಕಾ ಪಟ್ಟಿ, ಡಿಸ್ಕೋ ಹಾಡು ಮತ್ತು ಎರಡು ಬೆತ್ತದ ಪೆಟ್ಟು



ಕಳೆದ ಲಗ್ನಸರಾಯಿಯಲ್ಲಿ ಕಲಬುರಗಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಬೀಗರ ಮನೆಯ ಮದುವೆಗೆ ಹೋಗಿದ್ದೆ. ಅಕ್ಷತೆ ಬಿದ್ದು ಊಟದ ಪಂಕ್ತಿ ನಡೆದಿತ್ತು. ಹೊರಗಿನ ಅಂಗಳದಲ್ಲಿ ಹುಡುಗರು ಡಿ.ಜೆ. ಹಚ್ಚಿ ಕುಣಿಯುತ್ತಿದ್ದರು. ಹೊಸ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಒಂದು ಹಳೆಯ ಹಾಡು ಬಂದಿತು. 1980ರಲ್ಲಿ ಬಿಡುಗಡೆಯಾದ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ಕಾಲು ಆಡಿಸುತ್ತಿದ್ದೆ. ತಲೆ ನರೆತ ಒಬ್ಬ ಗೃಹಸ್ಥ ಬಂದು ಪಾದ ಮುಟ್ಟಿ ನಮಸ್ಕರಿಸಿ, ಪಕ್ಕದಲ್ಲಿ ಕುಳಿತು ನಗುತ್ತ ಹೇಳಿದ: "ಸರ, ಈ ಹಾಡಿಗಿ ನೀವು ನನಗ ಎರಡು ಬಡದಿದ್ರಿ. ನೆನಪದನ್ರಿ?"

ನನಗೆ ನೆನಪಿರಲಿಲ್ಲ. ಅವನೇ ವಿವರಿಸಿದ. 1981ನೆಯ ಇಸವಿ, ಅವನು ಏಳನೆಯ ತರಗತಿ. ಮಧ್ಯಾಹ್ನದ ಬಿಡುವು ಮುಗಿದು ಗಂಟೆ ಹೊಡೆದಿದ್ದರೂ ಅವನಿಗೆ ಪರಿವೆ ಇರಲಿಲ್ಲ. ಡೆಸ್ಕಿನ ಮೇಲೆ ಎರಡೂ ಕೈಗಳಿಂದ ಬಡಿಯುತ್ತ ಈ ಹಾಡು ಹೇಳುತ್ತಿದ್ದನಂತೆ. ಸುತ್ತ ಹತ್ತು ಹುಡುಗರು. ನಾನು ಒಳಗೆ ಬಂದವನೇ ಅವನ ಅಂಗೈಗೆ ಎರಡು ಪೆಟ್ಟು ಕೊಟ್ಟು, "ಇದು ಶಾಲೆಯೋ, ಕುಣಿಯುವ ಕಣವೋ?" ಎಂದು ಗದರಿದೆನಂತೆ. ಇಷ್ಟನ್ನೂ ಅವನು ಕಹಿಯಿಲ್ಲದೆ ಹೇಳಿದ, ಹೇಳಿ ಒಳಗೆ ಹೋಗಿ ನನಗಾಗಿ ಒಂದು ಲೋಟ ನೀರನ್ನೂ ತಂದುಕೊಟ್ಟ. ಹೊಡೆದವನು ಮರೆತಿದ್ದ, ಹೊಡೆಸಿಕೊಂಡವನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದ. ಮನೆಗೆ ಬಂದ ಮೇಲೆ ನನಗೆ ನಿದ್ರೆ ಹತ್ತಲಿಲ್ಲ. ಆ ರಾತ್ರಿ ಎದ್ದು ಕುಳಿತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗುಟ್ಟನ್ನು ಬಿಚ್ಚಿಡಬೇಕು. ನೀವು ಬಲ್ಲ ನಾನು ವ್ಯಾಕರಣದ ಮೇಷ್ಟ್ರು, ವಚನಗಳ ಮೇಷ್ಟ್ರು. ಆದರೆ ಪ್ರತಿ ಬುಧವಾರ ರಾತ್ರಿ ಎಂಟು ಗಂಟೆಗೆ ನಾನು ಬೇರೆಯೇ ಮನುಷ್ಯನಾಗುತ್ತಿದ್ದೆ. ನಂದೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ರೇಡಿಯೊ ಇಟ್ಟುಕೊಂಡು, ಶಾರ್ಟ್‌ವೇವ್‌ನಲ್ಲಿ ಸಿಲೋನ್ ಕೇಂದ್ರವನ್ನು ಹುಡುಕುತ್ತಿದ್ದೆ. ಅಂದು ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಆ ಪುಸ್ತಕ ಇಂದಿಗೂ ನನ್ನಲ್ಲಿದೆ. ದನಿ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯುತ್ತಿತ್ತು, ಬಾವಿಯೊಳಗಿನಿಂದ ಯಾರೋ ಹಾಡಿದಂತೆ. ಅದರ ನಡುವೆ ಅಮೀನ್ ಸಯಾನಿಯವರ ಕಂಠ ಕೇಳಿಸಿದರೆ ನನ್ನ ವಾರ ಸಾರ್ಥಕವಾಗುತ್ತಿತ್ತು. ಇನ್ನೂರು ಪುಟಗಳ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಹಾಡು, ಚಿತ್ರ, ಸ್ಥಾನ ಎಂದು ಬರೆದುಕೊಳ್ಳುತ್ತಿದ್ದೆ. ಹಾಜರಿ ಪುಸ್ತಕವನ್ನೂ ನಾನು ಅಷ್ಟು ಅಂದವಾಗಿ ಬರೆದವನಲ್ಲ.

ಇಂದಿನ ಮಕ್ಕಳಿಗಾಗಿ ಆ ಕಾರ್ಯಕ್ರಮದ ಬಗ್ಗೆ ನಾಲ್ಕು ಮಾತು. 1952ರಲ್ಲಿ ಆಗಿನ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿ ತಿದ್ದಬೇಕೆಂಬುದು ಅವರ ಆಶಯ. ಜನರು ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಹಲ್ಲುಪೇಸ್ಟಿನ ಹೆಸರಿನಲ್ಲಿ 'ಬಿನಾಕಾ ಗೀತಮಾಲಾ' ಆರಂಭವಾಯಿತು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಹುಟ್ಟಿ ಚಿತ್ರಗೀತೆಗಳು ನಮ್ಮ ಆಕಾಶವಾಣಿಗೆ ಮರಳಿದರೂ ಬುಧವಾರದ ಆ ಒಂದು ಗಂಟೆ ಸಿಲೋನಿನದಾಗಿಯೇ ಉಳಿಯಿತು. ರೆಕಾರ್ಡುಗಳ ಮಾರಾಟ ಮತ್ತು ಶ್ರೋತೃ ಸಂಘಗಳ ಮತ, ಈ ಎರಡನ್ನೂ ನೋಡಿ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದರು. ಸ್ಥಾನಕ್ಕೆ ಸಯಾನಿಯವರು 'ಪಾಯ್ದಾನ್' ಎನ್ನುತ್ತಿದ್ದರು, ಅಂದರೆ ಮೆಟ್ಟಿಲು. ನಿಜಾಮನ ಕಾಲದಿಂದ ಉರ್ದು ಕೇಳಿ ಬೆಳೆದ ನಮ್ಮ ಕಡೆಯ ಹಿರಿಯರಿಗೆ ಆ ಪದ ಹೊಸದೇನಲ್ಲ. ಬಹುಕಾಲ ಮೇಲಿದ್ದ ಹಾಡಿಗೆ ಕಹಳೆ ಊದಿ 'ಸರ್ತಾಜ್' ಎಂದು ಗೌರವಿಸಿ ಬೀಳ್ಕೊಡುತ್ತಿದ್ದರು. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂದು ನಾನು ಆ ನೋಟುಬುಕ್ಕನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದೆ.

ಇಂತಹ ನಾನು ಡಿಸ್ಕೋ ಹಾಡಿದ ಹುಡುಗನಿಗೆ ಹೊಡೆದದ್ದು ಏಕೆ? ಅಂದಿನ ಶಿಕ್ಷಕರ ಕೋಣೆಯ ಮಾತುಗಳು ನೆನಪಾಗುತ್ತವೆ. "ಇದು ಹಾಡಲ್ಲ, ಗದ್ದಲ." "ನಮ್ಮ ಸಂಸ್ಕೃತಿ ಹಾಳಾಯಿತು." "ಇನ್ನು ಹತ್ತು ವರ್ಷಕ್ಕೆ ಸೋಬಾನ ಪದ ಹೇಳುವವರು ಇರುವುದಿಲ್ಲ." ನಾನೂ ತಲೆಯಾಡಿಸಿದವನೇ. ರಫಿಯವರು 1980ರ ಜುಲೈ ತಿಂಗಳಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಈ ಗದ್ದಲ ಬಂದು ಕುಳಿತಿತು ಎಂಬ ಸಿಟ್ಟು ನನ್ನದು. ಇಂದು ಆ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದರೆ ಒಂದೂ ನಿಲ್ಲುವುದಿಲ್ಲ.

'ಇದು ನಮ್ಮದಲ್ಲ' ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳಿ. 'ಆಪ್ ಜೈಸಾ ಕೋಯಿ' ಹಾಡಿಗೆ ಸಂಗೀತ ಕೊಟ್ಟವರು ಬಿಡ್ಡು. ಅವರು ಕೊಡವರು, ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಗಿಟಾರು ಹಿಡಿದು ವಾದ್ಯತಂಡ ಕಟ್ಟಿ, ಅನಂತರ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಅವರು ಸಿದ್ಧಪಡಿಸಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಹಾಡು ಬ್ರಿಟನ್ ಮತ್ತು ಅಮೆರಿಕ ಎರಡೂ ದೇಶಗಳ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆಯಿತು. 'ಕುರ್ಬಾನಿ'ಯ ನಿರ್ಮಾಪಕ, ನಿರ್ದೇಶಕ, ನಾಯಕ ಫಿರೋಜ್ ಖಾನ್ ಅವರು ಹುಟ್ಟಿದ್ದೂ ಬೆಂಗಳೂರಿನಲ್ಲಿಯೇ. ಹಾಡಿದವಳು ನಾಜಿಯಾ ಹಸನ್, ಲಂಡನ್ನಿನಲ್ಲಿ ಓದುತ್ತಿದ್ದ ಪಾಕಿಸ್ತಾನದ ಹದಿನೈದರ ಬಾಲಕಿ. ಆ ಹಾಡಿಗಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಾಗ ಅವಳು ಇನ್ನೂ ಶಾಲಾ ವಯಸ್ಸಿನವಳು. ನಾನು ಹೊಡೆದ ಹುಡುಗನಿಗಿಂತ ಎರಡು ಮೂರು ವರ್ಷ ದೊಡ್ಡವಳು, ಅಷ್ಟೆ. ಅವಳು 2000ದ ಆಗಸ್ಟ್ 13ರಂದು, ಕೇವಲ 35ರ ವಯಸ್ಸಿನಲ್ಲಿ ತೀರಿಕೊಂಡಳು ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಕನ್ನಡ ನೆಲದಲ್ಲಿ ಹುಟ್ಟಿದ ಇಬ್ಬರು ಸೇರಿ ಮಾಡಿದ ಹಾಡನ್ನು ಕನ್ನಡ ಶಾಲೆಯ ಮೇಷ್ಟ್ರು 'ಪರಕೀಯ'ವೆಂದು ದಂಡಿಸಿದ. ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಎರಡನೆಯದು 'ಡಿಸ್ಕೋ ಎಲ್ಲವನ್ನೂ ನುಂಗಿತು' ಎಂಬ ಮಾತು. ಇದಕ್ಕೆ ಉತ್ತರ ನನ್ನ ನೋಟುಬುಕ್ಕಿನಲ್ಲಿಯೇ ಇತ್ತು. ಡಿಸ್ಕೋ ಉಚ್ಛ್ರಾಯದಲ್ಲಿದ್ದ ನಾಲ್ಕು ವರ್ಷಗಳ ವಾರ್ಷಿಕ ಪಟ್ಟಿಯ ಮೊದಲ ಸ್ಥಾನಗಳನ್ನು ನೋಡಿ. 1980ರಲ್ಲಿ 'ಸರಗಮ್' ಚಿತ್ರದ 'ಡಫ್ಲಿವಾಲೆ'. ಹೆಸರಿನಲ್ಲಿಯೇ ಡಫ್ಲಿ ಇದೆ, ನಮ್ಮ ದಪ್ಪಿನ ತಂಗಿ. 1981ರಲ್ಲಿ 'ಲಾವಾರಿಸ್' ಚಿತ್ರದ 'ಮೇರೆ ಅಂಗನೇ ಮೇ'. ಉತ್ತರದ ಹೆಂಗಸರು ಮದುವೆಮನೆಗಳಲ್ಲಿ ಚೇಷ್ಟೆಗೆ ಹಾಡುವ ಜನಪದ ಧಾಟಿ ಅದು, ನಮ್ಮಲ್ಲಿ ಬೀಗರನ್ನು ಹಂಗಿಸುವ ಹಾಡುಗಳಿರುವಂತೆ. ಅದಕ್ಕೆ ಸಂಗೀತ ಕೊಟ್ಟ ಕಲ್ಯಾಣಜಿ ಆನಂದಜಿಯವರೇ 'ಕುರ್ಬಾನಿ'ಯ ಉಳಿದ ಹಾಡುಗಳಿಗೂ ಸಂಗೀತ ಕೊಟ್ಟವರು. 1982ರಲ್ಲಿ 'ಖುದ್ದಾರ್' ಚಿತ್ರದ 'ಅಂಗ್ರೇಜಿ ಮೇ ಕೆಹತೇ ಹೈ', 1983ರಲ್ಲಿ 'ಸೌತನ್' ಚಿತ್ರದ 'ಶಾಯದ್ ಮೇರಿ ಶಾದಿ'. ಎರಡೂ ಕಿಶೋರ್ ಮತ್ತು ಲತಾ ಅವರ ಯುಗಳಗೀತೆಗಳು. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಡಿಸ್ಕೋ ಹಾಡು ತುದಿಯ ಮೆಟ್ಟಿಲನ್ನು ಏರಲಿಲ್ಲ. ಇವೆಲ್ಲವನ್ನೂ ನಾನೇ ಕೈಯಾರೆ ಬರೆದುಕೊಂಡಿದ್ದೆ. ಬುಧವಾರ ಬರೆದುಕೊಂಡದ್ದನ್ನು ಗುರುವಾರ ಶಿಕ್ಷಕರ ಕೋಣೆಯಲ್ಲಿ ನೆನಪಿಸಿಕೊಳ್ಳದೆ, 'ಎಲ್ಲವೂ ಡಿಸ್ಕೋಮಯ' ಎಂದು ಗೊಣಗುತ್ತಿದ್ದೆ. ಕಣ್ಣೆದುರಿನ ಲೆಕ್ಕಕ್ಕಿಂತ ಮನಸ್ಸಿನ ಅಸಮಾಧಾನವೇ ದೊಡ್ಡದಾಗಿ ಕಾಣುತ್ತದೆ.

ಡಿಸ್ಕೋ ಹಾಡುಗಳೆಲ್ಲ ಉತ್ತಮವಾಗಿದ್ದವು ಎಂದು ನಾನು ವಾದಿಸುತ್ತಿಲ್ಲ. 1982ರ ಡಿಸೆಂಬರಿನಲ್ಲಿ ತೆರೆಕಂಡ 'ಡಿಸ್ಕೋ ಡಾನ್ಸರ್' ಚಿತ್ರದ ಒಂದು ಪ್ರಸಿದ್ಧ ಹಾಡಿನ ಧಾಟಿ, 1979ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದ 'ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್' ಹಾಡಿನದೇ. ಚಿತ್ರಪರದೆ ಬಂದು ರೇಡಿಯೊ ಗಾಯಕ ಮೂಲೆಗುಂಪಾದನೆಂಬ ಅಳಲಿನ ಹಾಡು ಅದು. ನಮ್ಮ ನಂದೂರಿಗೆ ಅದು ವೇಷ ಬದಲಿಸಿಕೊಂಡು ಬಂದದ್ದು ರೇಡಿಯೊ ಮೂಲಕವೇ! ಎರವಲು ಧಾಟಿ, ತೆಳುವಾದ ಸಾಹಿತ್ಯ, ಎಲ್ಲವೂ ಇದ್ದವು. ಆದರೆ ಅದೇ ಚಿತ್ರ 1984ರಲ್ಲಿ ಸೋವಿಯತ್ ದೇಶಕ್ಕೆ ಹೋದಾಗ ಆರು ಕೋಟಿಗೂ ಹೆಚ್ಚು ಟಿಕೆಟ್ಟುಗಳು ಮಾರಾಟವಾದವು. ಭಾಷೆ ತಿಳಿಯದ ಅಷ್ಟು ಜನರಿಗೆ ಅದರಲ್ಲಿ ಏನೋ ಸಿಕ್ಕಿರಬೇಕು. ಆ 'ಏನೋ' ಎಂಬುದೇನು ಎಂದು ಕೇಳುವ ಕುತೂಹಲ ಶಿಕ್ಷಕನಾದವನಿಗೆ ಇರಬೇಕಿತ್ತು. ನನಗಿರಲಿಲ್ಲ.

ಇಲ್ಲಿ ನಿಮ್ಮನ್ನು ಸ್ವಲ್ಪ ಹೊತ್ತು ದೂರದ ಅಮೆರಿಕಕ್ಕೆ ಕರೆದೊಯ್ಯುತ್ತೇನೆ. ನಮ್ಮಲ್ಲಿ ಡಿಸ್ಕೋ ಬರುವ ಮೊದಲೇ ಅಲ್ಲಿ ಅದಕ್ಕೆ ಚಿತೆ ಹಚ್ಚಿದ್ದರು. 1979ರ ಜುಲೈ 12ರಂದು ಷಿಕಾಗೋ ನಗರದ ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ, ಒಂದು ಡಿಸ್ಕೋ ರೆಕಾರ್ಡು ತಂದವರಿಗೆ 98 ಸೆಂಟಿಗೆ ಪ್ರವೇಶ ಎಂದು ಸಾರಿದರು. ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಆ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿ ದಾಂಧಲೆ ಮಾಡಿದ್ದರಿಂದ ಎರಡನೆಯ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಜನರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಯುವಕ ಅನಂತರದ ವರ್ಷಗಳಲ್ಲಿ ಒಂದು ಮಾತು ಹೇಳಿದ್ದಾನೆ. ಜನ ಸುಡಲು ತಂದ ರೆಕಾರ್ಡುಗಳಲ್ಲಿ ಹಲವು ಡಿಸ್ಕೋ ಆಗಿರಲೇ ಇಲ್ಲ, ಕಪ್ಪು ಗಾಯಕರ ಹಾಡುಗಳಾಗಿದ್ದವು ಅಷ್ಟೆ. ಡಿಸ್ಕೋ ಹುಟ್ಟಿ ಬೆಳೆದದ್ದು ಕಪ್ಪು ಜನ, ಲ್ಯಾಟಿನ್ ಅಮೆರಿಕದ ವಲಸಿಗರು, ಸಲಿಂಗಿಗಳು ಸೇರುತ್ತಿದ್ದ ನೃತ್ಯಶಾಲೆಗಳಲ್ಲಿ. ಹಾಡಿನ ಮೇಲಿನ ಸಿಟ್ಟಿನೊಳಗೆ ಹಾಡುವವರ ಮೇಲಿನ ಅಸಡ್ಡೆ ಎಷ್ಟು ಬೆರೆತಿತ್ತೆಂಬುದು ಆ ಮಾತಿನಿಂದ ತಿಳಿಯುತ್ತದೆ.

ಸುಟ್ಟ ಮಾತ್ರಕ್ಕೆ ಹಾಡು ಸಾಯಲಿಲ್ಲ ಎಂಬುದೂ ಅಷ್ಟೇ ನಿಜ. ಆ ಘಟನೆ ನಡೆದು ಒಂದು ತಿಂಗಳಾದ ಮೇಲೆ 'ಬಿಲ್‌ಬೋರ್ಡ್' ಪಟ್ಟಿಯ ತುದಿಯಲ್ಲಿ ಚಿಕ್ ತಂಡದ 'ಗುಡ್ ಟೈಮ್ಸ್' ಇತ್ತು. ಮರುವಾರ ರಾಕ್ ಶೈಲಿಯ 'ಮೈ ಷರೋನಾ' ಅದನ್ನು ಕೆಳಗಿಳಿಸಿ ಆರು ವಾರ ಅಲ್ಲಿಯೇ ನಿಂತಿತು. ಡಿಸ್ಕೋ ಮುಗಿಯಿತೆಂದು ಎಲ್ಲರೂ ಬರೆದರು. ಆದರೆ ಅದೇ ವರ್ಷ 'ಗುಡ್ ಟೈಮ್ಸ್' ಹಾಡಿನ ಮಂದ್ರದ ನಾದವನ್ನೇ ಆಧಾರವಾಗಿ ಇಟ್ಟುಕೊಂಡು ರ್ಯಾಪ್ ಸಂಗೀತದ ಮೊದಲ ದೊಡ್ಡ ಯಶಸ್ಸು, 'ರ್ಯಾಪರ್ಸ್ ಡಿಲೈಟ್', ಹೊರಬಂದಿತು. ಮರುವರ್ಷ 'ಫಂಕಿಟೌನ್' ನಾಲ್ಕು ವಾರ ತುದಿಯಲ್ಲಿತ್ತು. ಆ ವೇಳೆಗೆ ಬಿಡ್ಡು ಅವರ ಹಾಡು ಮುಂಬಯಿಯಿಂದ ಹೊರಟು ನಮ್ಮ ಕಡೆಗೆ ಬರುತ್ತಿತ್ತು. ಹಾಡು ಒಂದು ಮನೆಯಲ್ಲಿ ಬೇಡವಾದರೆ ಇನ್ನೊಂದು ಮನೆಯ ಬಾಗಿಲು ತಟ್ಟುತ್ತದೆ.

ಷಿಕಾಗೋದ ಈ ಕಥೆಯನ್ನು ಓದಿದಾಗ ನನ್ನ ಎದೆಗೆ ಏನೋ ತಾಗಿತು. ನಾನು ಹೊಡೆದ ಹುಡುಗನ ತಂದೆ ಹಲಗೆ ಬಾರಿಸುವವರು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಅವರ ಹಲಗೆಯೇ ಆಧಾರ. ಮದುವೆಗೆ ಅವರು ಬೇಕು, ಜಾತ್ರೆಗೆ ಬೇಕು, ಡಂಗುರಕ್ಕೆ ಬೇಕು, ಹೆಣ ಎತ್ತುವಾಗಲೂ ಬೇಕು. ಹಾಡು ಮುಗಿದ ಮೇಲೆ ಮಾತ್ರ ಅವರು ಅಂಗಳದ ಆಚೆ ನಿಲ್ಲಬೇಕು. ಇದು ನಮ್ಮೂರ ಕಡೆಯ ವ್ಯವಸ್ಥೆಯಾಗಿತ್ತು. ಅದನ್ನು ನಾನು ಕಂಡೂ ಕಾಣದಂತೆ ಇದ್ದೆ. ಡೆಸ್ಕಿನ ಮೇಲೆ ರಫಿಯವರ ಹಾಡನ್ನು ಇನ್ನೊಂದು ಮನೆಯ ಹುಡುಗ ಮೆಲ್ಲಗೆ ಗುನುಗಿದ್ದರೆ ನಾನು ಹೊಡೆಯುತ್ತಿದ್ದೆನೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಹೊಡೆಯುತ್ತಿರಲಿಲ್ಲ. ಬಹುಶಃ ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳುತ್ತಿದ್ದೆ.

ಇನ್ನೂ ಒಂದು ವಿಷಯವಿದೆ. ಡಿಸ್ಕೋ ತಾಳದ ಗುಟ್ಟು ಬಹಳ ಸರಳವಾದುದು. ನಾಲ್ಕು ಮಾತ್ರೆಗಳ ಆವರ್ತ, ನಾಲ್ಕರ ಮೇಲೂ ಸಮನಾದ ದೊಡ್ಡ ಪೆಟ್ಟು, ನಿಮಿಷಕ್ಕೆ ಸುಮಾರು 120 ಪೆಟ್ಟು. ಕವಾಯತಿನ ಬಿರುಸು ನಡಿಗೆಯೂ ನಿಮಿಷಕ್ಕೆ ಸುಮಾರು 120 ಹೆಜ್ಜೆಯದೇ. ಆಗಸ್ಟ್ 15ರಂದು, ಜನವರಿ 26ರಂದು ನಮ್ಮ ಶಾಲೆಯ ಮೈದಾನದಲ್ಲಿ ದೊಡ್ಡ ಡ್ರಮ್ಮಿನ ಮೇಲೆ ಬೀಳುತ್ತಿದ್ದದ್ದು ಅದೇ ವೇಗದ, ಅದೇ ಸಮಪೆಟ್ಟಿನ ತಾಳ! ಅದಕ್ಕೆ ಮಕ್ಕಳು ಹೆಜ್ಜೆ ಹಾಕಿದರೆ ಶಿಸ್ತು ಎನ್ನುತ್ತಿದ್ದೆವು, ಡೆಸ್ಕಿನ ಮೇಲೆ ಬಡಿದರೆ ಅಶಿಸ್ತು ಎನ್ನುತ್ತಿದ್ದೆವು. ಮನೆಯಲ್ಲಿ ತಂದೆಯ ಹಲಗೆ, ಶಾಲೆಯಲ್ಲಿ ಡ್ರಮ್ಮು, ರೇಡಿಯೊದಲ್ಲಿ ಡಿಸ್ಕೋ. ಆ ಹುಡುಗನ ಕೈಗೆ ಮೂರೂ ಒಂದೇ ಓಣಿಯ ಮನೆಗಳಾಗಿದ್ದವು. ಅವನ ಕಿವಿ ನನ್ನ ಕಿವಿಗಿಂತ ಹೆಚ್ಚು ವಿದ್ಯೆ ಪಡೆದಿತ್ತು.

ಈಗ ಮೂರನೆಯ ಮಾತಿಗೆ ಬರುತ್ತೇನೆ, 'ಡಿಸ್ಕೋ ಬಂದು ನಮ್ಮ ಪದಗಳನ್ನು ಕೊಂದಿತು' ಎಂಬುದಕ್ಕೆ. ನಮ್ಮವ್ವ ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಪದ ಹೇಳುತ್ತಿದ್ದಳು. ಎದುರಿಗೆ ಕುಳಿತ ಅತ್ತಿಗೆ ಎರಡನೆಯ ಸಾಲು ಎತ್ತುತ್ತಿದ್ದಳು. ಬೀಸುಕಲ್ಲಿನ ಗುಂಯ್ ಎಂಬ ಸದ್ದೇ ಅವರ ಶ್ರುತಿ. ಆ ಪದಗಳು ನಿಂತದ್ದು ನಾಜಿಯಾ ಹಸನಳಿಂದಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುಕಲ್ಲು ಹಿತ್ತಲಿಗೆ ಹೋಯಿತು, ಅದರೊಡನೆ ಪದವೂ ಹೋಯಿತು. ಗಿರಣಿ ಬಂದದ್ದು ತಪ್ಪೆಂದು ಹೇಳಲಾರೆ. ಅವ್ವನ ಅಂಗೈಯ ಗುಳ್ಳೆಗಳನ್ನು ನೋಡಿದವನು ಹಾಗೆ ಹೇಳಲಾರ. ಕೆಲಸದ ಜೊತೆಗೆ ಹುಟ್ಟಿದ ಹಾಡು ಕೆಲಸ ಹೋದಾಗ ಹೋಗುತ್ತದೆ. ಹೋಗುವ ಮೊದಲು ಅದನ್ನು ಬರೆದಿಡುವವರು ಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಆ ಕೆಲಸ ಮಾಡಿದರು. 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ ಹೆಂಗಸರ ಬಾಯಿಯ ಪದಗಳನ್ನು ಕನ್ನಡ ಸಾಹಿತ್ಯದ ಪಡಸಾಲೆಗೆ ಕರೆತಂದರು. ಆ ಪುಸ್ತಕವನ್ನು ನಾನು ಎಷ್ಟೋ ವರ್ಷ ಪಾಠ ಹೇಳುವಾಗ ಕೊಂಡಾಡಿದ್ದೇನೆ. ಆದರೆ ನನ್ನ ಮನೆಯಲ್ಲಿಯೇ, ನನ್ನ ಕೈಯಲ್ಲಿಯೇ ಗೆರೆ ಎಳೆದ ನೋಟುಬುಕ್ಕು ಇದ್ದಾಗ, ಪಡಸಾಲೆಯ ಇನ್ನೊಂದು ತುದಿಯಲ್ಲಿ ಹಾಡುತ್ತಿದ್ದ ಅವ್ವನ ಒಂದು ಪದವನ್ನೂ ಬರೆದುಕೊಳ್ಳಲಿಲ್ಲ. ಮುಂಬಯಿಯ ಹಾಡು ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಅವ್ವ 1990ರಲ್ಲಿ ತೀರಿಕೊಂಡಳು. ಅವಳಿಗೆ ಎಷ್ಟು ಪದ ಬರುತ್ತಿದ್ದವು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ.

ಪಟ್ಟಿಗಳ ದೋಷ ಇದೇ. ಎಣಿಸಲು ಬಂದದ್ದನ್ನು ಮಾತ್ರ ಅವು ಎಣಿಸುತ್ತವೆ. ರೆಕಾರ್ಡು ಕೊಳ್ಳಲು ಹಣವಿದ್ದವನ ರುಚಿ ಎಣಿಕೆಗೆ ಬಂದಿತು. ಪತ್ರ ಬರೆಯುವ ಸಂಘವಿದ್ದ ಊರಿನ ರುಚಿ ಬಂದಿತು. ಅಭ್ರಕದ ಗಣಿಗಳ ಸಣ್ಣ ಪಟ್ಟಣವಾದ ಝುಮ್ರಿ ತಲೈಯಾ, ಹಾಡಿಗಾಗಿ ಬರೆದ ಕಾರ್ಡುಗಳಿಂದಲೇ ದೇಶದಾದ್ಯಂತ ಹೆಸರಾಯಿತು. ನಂದೂರಿನ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ ಹಾಡುವವಳಿಗೆ ಕಾರ್ಡು ಬರೆಯಲು ಬರುತ್ತಿರಲಿಲ್ಲ. ಬಿನಾಕಾದ್ದು ಹಿಂದಿ ಚಿತ್ರಗೀತೆಗಳ ಪಟ್ಟಿಯಾದ್ದರಿಂದ ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜಾ ಸಂಗೀತದ 'ಗೀತಾ' ಚಿತ್ರ ಬಂದದ್ದೂ ಅದೇ 1981ರಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಅದರ 'ಸಂತೋಷಕ್ಕೆ' ಎಂಬ ಕುಣಿತದ ಹಾಡು ಇಂದಿಗೂ ನಮ್ಮ ಮದುವೆಗಳಲ್ಲಿ, ಗಣೇಶೋತ್ಸವಗಳಲ್ಲಿ ಕೇಳಿಬರುತ್ತದೆ. ನನ್ನ ನೋಟುಬುಕ್ಕಿನಲ್ಲಿ ಅದರ ಹೆಸರಿಲ್ಲ. 1966ರಲ್ಲಿ ಆರಂಭವಾದ ನಮ್ಮದೇ ಆಕಾಶವಾಣಿ ಕೇಂದ್ರದಿಂದ ಬರುತ್ತಿದ್ದ ಕಡಕೋಳ ಮಡಿವಾಳಪ್ಪನವರ ತತ್ವಪದಗಳೂ ಇಲ್ಲ, ಮೊಹರಂ ಪದಗಳೂ ಇಲ್ಲ. ಅವುಗಳನ್ನು ಕೇಳಿ ಆನಂದಪಟ್ಟಿದ್ದೇನೆ, ಬರೆದುಕೊಳ್ಳಲು ಯೋಗ್ಯವೆಂದು ಭಾವಿಸಿರಲಿಲ್ಲ. ಯಾರೋ ಸ್ಥಾನ ಕೊಟ್ಟ ಮೇಲೆಯೇ ಹಾಡಿಗೆ ಬೆಲೆ ಎಂದು ತಿಳಿದಿದ್ದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು, ಒಬ್ಬಿಬ್ಬರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಭೇಟಿಯಾದಾಗಲೆಲ್ಲ ಒಂದೇ ದೂರು: "ಸರ, ಹುಡುಗರು ಮೊಬೈಲಿನಾಗ ಎಂಥೆಂಥ ಹಾಡು ಕೇಳತಾವ ನೋಡ್ರಿ!" ನನ್ನ ಶಿಕ್ಷಕರ ಕೋಣೆಯ ಅದೇ ಮಾತು, ನಲವತ್ತು ವರ್ಷಗಳ ಅನಂತರ ನಿಮ್ಮ ಬಾಯಲ್ಲಿ. ಹಾಡಿನ ನೋಟ ಎಷ್ಟು ಲಕ್ಷ, ಎಷ್ಟು ಕೋಟಿ ಎಂಬ ಅಂಕಿಯೇ ಇಂದಿನ ಪಾಯ್ದಾನ್. ಮಕ್ಕಳು ಆ ಅಂಕಿಗೆ ಮರುಳಾಗಬಾರದೆಂದು ಹೇಳಿರಿ, ಸರಿ. ಆದರೆ ನೀವು ಸಹ ಆ ಅಂಕಿ ನೋಡಿಯೇ ಭಯಪಡಬೇಡಿರಿ. ಹಾಡು ಕೆಟ್ಟದೆಂದು ತೀರ್ಪು ಕೊಡುವ ಮೊದಲು ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿರಿ. ಅನಂತರವೂ ಕೆಟ್ಟದೆನಿಸಿದರೆ ಏಕೆಂದು ಬಿಡಿಸಿ ಹೇಳಿರಿ. ಹೆಣ್ಣನ್ನು ಹೀನಾಯವಾಗಿ ಕಾಣುವ ಮಾತಿದ್ದರೆ ಆ ಮಾತನ್ನೇ ಎತ್ತಿ ತೋರಿಸಿರಿ. 'ಗದ್ದಲ' ಎಂಬ ಒಂದೇ ಪದದಿಂದ ಮುಗಿಸಬೇಡಿರಿ. ಅದು ತೀರ್ಪಲ್ಲ, ಕಿವಿ ಮುಚ್ಚಿಕೊಳ್ಳುವ ಉಪಾಯ.

ನಿಜವಾದ ಗದ್ದಲಕ್ಕೆ ಬೇರೆ ಮದ್ದಿದೆ. ಆ ಮದುವೆಯ ಡಿ.ಜೆ.ಯ ಅಬ್ಬರಕ್ಕೆ ನನ್ನ ಎದೆಯೂ ನಡುಗಿದ್ದು ಹೌದು. ಅದಕ್ಕೆ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆ. ಅದನ್ನು ಕಟ್ಟುನಿಟ್ಟಾಗಿ ಪಾಲಿಸೋಣ. ಭಜನೆಗೂ ಅದೇ ಮಿತಿ, ಡಿಸ್ಕೋಗೂ ಅದೇ ಮಿತಿ. ಧ್ವನಿಯನ್ನು ತಗ್ಗಿಸಿ ಎನ್ನುವುದು ಬೇರೆ, ಹಾಡನ್ನೇ ನಿಲ್ಲಿಸು ಎನ್ನುವುದು ಬೇರೆ. ನಾನು ಅಂದು ಈ ಎರಡನ್ನೂ ಕಲಸಿಬಿಟ್ಟೆ.

ಮದುವೆಯಾದ ಹದಿನೈದು ದಿನಕ್ಕೆ ನನ್ನ ಆ ಶಿಷ್ಯನನ್ನು ಮನೆಗೆ ಕರೆದೆ. ಅವನು ಈಗ ಸರಕಾರಿ ನೌಕರಿಯಿಂದ ನಿವೃತ್ತಿಯಾಗುವ ಹೊತ್ತಿನಲ್ಲಿದ್ದಾನೆ. ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದ. ನಾನು ಕೈಮುಗಿದು, "ಅಂದು ನನ್ನದು ತಪ್ಪಾಯಿತಪ್ಪ" ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡು, "ಹಂಗ ಅನಬ್ಯಾಡ್ರಿ ಸರ. ನೀವು ಕಲಿಸಿದ್ದೂ ನೆನಪದ" ಎಂದ. ಆಮೇಲೆ ಅವನ ತಂದೆಯ ಮಾತು ಬಂದಿತು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳು ಹಲಗೆ ಮುಟ್ಟಬಾರದು, ಪುಸ್ತಕ ಹಿಡಿಯಬೇಕು ಎಂಬುದು ಅವರ ಹಟವಾಗಿತ್ತಂತೆ. ಆ ಹಟ ಏಕೆಂಬುದು ನನಗೂ ಅವನಿಗೂ ಗೊತ್ತು. ಆದರೂ ಅವನ ಕೈಗೆ ಬಡಿತಗಳು ಬರುತ್ತವೆ, ನೋಡಿ ಕಲಿತದ್ದು. ಅಲಾಯಿ ಹೆಜ್ಜೆಗೆ ಒಂದು, ಮದುವೆಯ ಮೆರವಣಿಗೆಗೆ ಒಂದು, ಡಂಗುರಕ್ಕೆ ಒಂದು, ಸಾವಿಗೆ ಒಂದು. ಪಡಸಾಲೆಯ ಅದೇ ಫರ್ಸಿ ಕಟ್ಟೆಯ ಮೇಲೆ ಬಾರಿಸಿ ತೋರಿಸಿದ. ಸಾವಿನದನ್ನು ಮಾತ್ರ ಮನೆಯೊಳಗೆ ಬಾರಿಸಬಾರದೆಂದು ಅಂಗಳಕ್ಕೆ ಹೋಗಿ ತೊಡೆಯ ಮೇಲೆ ಮೆಲ್ಲಗೆ ತಟ್ಟಿದ.

ನಾನು ಹಳೆಯ ನೋಟುಬುಕ್ಕನ್ನು ತೆಗೆದೆ. ಕೊನೆಯಲ್ಲಿ ಹನ್ನೊಂದು ಪುಟಗಳು ಖಾಲಿ ಉಳಿದಿದ್ದವು. ಅವನು ಬಾರಿಸಿದ್ದನ್ನು ಅಲ್ಲಿ ಗೀಟುಗಳಾಗಿ, ಚುಕ್ಕೆಗಳಾಗಿ ಬರೆದುಕೊಂಡೆ. ಸರಿಯಾಗಿ ಬರೆಯಲು ಬರಲಿಲ್ಲ. ಅವನು ಮೂರು ಸಲ ತಿದ್ದಿದ. ನಾಲ್ಕನೆಯ ಸಲ ನಾನೇ ಕಟ್ಟೆಯ ಮೇಲೆ ಬಾರಿಸಿ ತೋರಿಸಿದಾಗ, "ಸರ, ಎರಡನೇ ಪೆಟ್ಟು ತಡಾ ಆಗಲತದ" ಎಂದು ನಕ್ಕ. ಆ ಪುಟಗಳಲ್ಲಿ ಸ್ಥಾನದ ಕಾಲಂ ಅನ್ನು ಖಾಲಿ ಬಿಟ್ಟಿದ್ದೇನೆ.

ಇನ್ನೂ ಎಂಟು ಪುಟಗಳಿವೆ. ನಿಮ್ಮ ಮನೆಯಲ್ಲಿ ಪದ ಬಲ್ಲ ಅವ್ವ, ಆಯಿ, ಸೋದರತ್ತೆ ಇದ್ದರೆ ಈ ವಾರವೇ ಕುಳಿತು ಬರೆದುಕೊಳ್ಳಿರಿ, ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿರಿ. ನಂದೂರಿನ ಕಡೆಗೆ ಬಂದಾಗ ನನಗೂ ಕೇಳಿಸಿರಿ. ಮಕ್ಕಳನ್ನೂ ಕರೆತನ್ನಿರಿ, ಅವರ ಹಾಡುಗಳ ಸಮೇತ. ಬೆತ್ತವನ್ನು ಎಂದೋ ಒಲೆಗೆ ಹಾಕಿದ್ದೇನೆ.

ಶುಭವಾಗಲಿ.

ನಿಮ್ಮ ಮೇಷ್ಟ್ರು,
ನಂದೂರ